ಇಂದಿನ ಚಿಂತನೆ: ತಲೆಯಿಂದ ಇಳಿಸಿದ ಬುಟ್ಟಿ

 

ರಾಜಗೃಹದ ಬೀದಿ ಗುಡಿಸುತ್ತಿದ್ದ ಸುನೀತನನ್ನು ಬುದ್ಧರು ಸಂಘಕ್ಕೆ ಸೇರಿಸಿಕೊಂಡದ್ದು ನಮಗೆಲ್ಲ ಗೊತ್ತು. ಅಂಥ ಕರುಣೆಯನ್ನು ಸರ್ಕಾರಿ ಆದೇಶವಾಗಿಸಿದವರು ನಮ್ಮ ನಾಡಿನಲ್ಲೇ ಇದ್ದರು: ಬಿ. ಬಸವಲಿಂಗಪ್ಪನವರು.

ದಲಿತರಾಗಿ ಹುಟ್ಟಿ, ಬಾಬಾಸಾಹೇಬರ ದಾರಿಯಲ್ಲಿ ನಡೆದವರು. ದೇವರಾಜ ಅರಸರ ಮಂತ್ರಿಮಂಡಲದಲ್ಲಿ ಪೌರಾಡಳಿತ ಸಚಿವರಾಗಿ, ತಲೆಯ ಮೇಲೆ ಮಲ ಹೊರುವುದನ್ನು ರಾಜ್ಯದಲ್ಲಿ ನಿಷೇಧಿಸಿದರು. ಕೇಂದ್ರದ ಕಾಯ್ದೆ ಬಂದದ್ದು ಎಷ್ಟೋ ವರ್ಷಗಳ ಮೇಲೆ, 1993ರಲ್ಲಿ.

1973ರ ನವೆಂಬರಿನಲ್ಲಿ ಮೈಸೂರಿನ ಸಭೆಯೊಂದರಲ್ಲಿ, ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಎಂದರು. ವಿದ್ಯಾರ್ಥಿಗಳು ಬೀದಿಗಿಳಿದರು, ದಲಿತ ಹುಡುಗರ ಮೇಲೆ ಹಲ್ಲೆಗಳಾದವು. ಬಸವಲಿಂಗಪ್ಪನವರು ಸಚಿವ ಸ್ಥಾನ ಬಿಡಬೇಕಾಯಿತು. ಆದರೆ ಆ ಗಲಾಟೆಯೇ ದಲಿತ ಯುವಕರನ್ನು ಒಂದುಗೂಡಿಸಿತು. ದಲಿತ ಸಂಘರ್ಷ ಸಮಿತಿಗೆ ನೆಲ ಹದವಾಯಿತು.

ನಾನು ಕನ್ನಡ ಎಂ.ಎ. ಓದಿ, ಇಡಗುಂಜಿ ಕಡೆಯ ಮಕ್ಕಳಿಗೆ ಅದೇ ಸಾಹಿತ್ಯ ಕಲಿಸುತ್ತೇನೆ. ಬೂಸಾ ಎಂಬ ಮಾತು ನನಗೂ ಚುಚ್ಚುತ್ತದೆ. ಅದಕ್ಕಿಂತ ಹೆಚ್ಚು ಚುಚ್ಚುವುದು ಇದು: ಒಂದು ಪದಕ್ಕೆ ಕೆರಳಿದ ನಾಡು, ಮಲದ ಬುಟ್ಟಿಯನ್ನು ತಲೆತಲಾಂತರ ಸುಮ್ಮನೆ ನೋಡುತ್ತಿತ್ತು.

ಯಾವುದಕ್ಕೆ ಸಿಟ್ಟಾಗುತ್ತೇವೆ, ಯಾವುದನ್ನು ಸಹಿಸುತ್ತೇವೆ? ಇಂದು ನಮ್ಮ ಮನಸ್ಸನ್ನು ನಾವೇ ಗಮನಿಸೋಣ.

ಭವತು ಸಬ್ಬ ಮಂಗಲಂ.