ಹಿರಿಯಣ್ಣನವರು ತೋರಿದ ಶೀಲಮಾರ್ಗ

ಕಾವ್ಯವನ್ನು ಓದಿದವನು ಅದರಿಂದಲೇ ಸಜ್ಜನನಾಗುವನೆ? ಸಾಹಿತ್ಯಬೋಧನೆಯನ್ನು ವೃತ್ತಿಯಾಗಿ ಹಿಡಿದ ನನ್ನಂಥವರು ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳುವಂತಿಲ್ಲ. ನಿರ್ವಂಚನೆಯ ಉತ್ತರವೊಂದು ನನಗೆ ದೊರೆತದ್ದು ಪ್ರೊಫೆಸರ್ ಎಂ. ಹಿರಿಯಣ್ಣನವರಲ್ಲಿ.

1871ರಲ್ಲಿ ಮೈಸೂರಿನಲ್ಲಿ ಜನಿಸಿದ ಹಿರಿಯಣ್ಣನವರು ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ವ್ಯಾಸಂಗ ಮಾಡಿದರು. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಗ್ರಂಥಪಾಲರಾಗಿದ್ದು, ಮುಂದೆ ಮಹಾರಾಜಾ ಕಾಲೇಜಿನಲ್ಲಿ ಸಂಸ್ಕೃತ ಪ್ರಾಧ್ಯಾಪಕರಾಗಿ 1927ರಲ್ಲಿ ನಿವೃತ್ತರಾದರು. 1918ರಿಂದ 1921ರವರೆಗೆ ಅಲ್ಲಿ ತತ್ತ್ವಶಾಸ್ತ್ರವನ್ನು ಬೋಧಿಸಿದ ರಾಧಾಕೃಷ್ಣನ್ನರು ಕಲ್ಕತ್ತೆಗೆ ತೆರಳಿದರು. ಹಿರಿಯಣ್ಣನವರು ಮೈಸೂರಿನಲ್ಲೇ ಉಳಿದರು. ಅನೇಕ ವರ್ಷಗಳ ತರಗತಿಯ ಉಪನ್ಯಾಸಗಳು ಪರಿಪಕ್ವಗೊಂಡು, ಅವರು ಅರುವತ್ತನ್ನು ದಾಟಿದ ಮೇಲೆ, 1932ರಲ್ಲಿ 'ಔಟ್‌ಲೈನ್ಸ್ ಆಫ್ ಇಂಡಿಯನ್ ಫಿಲಾಸಫಿ' ಎಂಬ ಗ್ರಂಥವಾಗಿ ಹೊರಬಂದುವು. ಆತುರವಿಲ್ಲದ ಆ ಕಾಯುವಿಕೆಯೂ ಒಂದು ಶೀಲವೇ ಎಂದು ನನ್ನ ಭಾವನೆ.

ತತ್ತ್ವವನ್ನು ತರ್ಕದಿಂದ ಸ್ಥಾಪಿಸಿದ ಮಾತ್ರಕ್ಕೆ ಜಿಜ್ಞಾಸೆ ಮುಗಿಯದು, ಅದು ನಡೆಯಾಗಿ ಮಾರ್ಪಡಬೇಕು ಎಂಬುದು ಅವರ ಬರಹದ ಹುರುಳು. ಮೋಕ್ಷವೆಂಬ ಗುರಿ, ಅದಕ್ಕೆ ತಕ್ಕ ವೈರಾಗ್ಯದ ಶಿಕ್ಷಣ, ಇವೆರಡೂ ಬೌದ್ಧ ಜೈನಗಳೂ ಸೇರಿದಂತೆ ನಮ್ಮ ದರ್ಶನಗಳಿಗೆ ಸಮಾನವೆಂದು ಅವರು ತೋರಿಸಿದರು. ವೈರಾಗ್ಯವೆಂದರೆ ಕಾಡು ಸೇರುವುದಲ್ಲ. ಗೀತೆಯ ಕರ್ಮಯೋಗವನ್ನು ವಿವರಿಸುವಾಗ, ತ್ಯಜಿಸಬೇಕಾದುದು ಕರ್ಮವನ್ನಲ್ಲ, ಕರ್ಮದೊಳಗಣ ಸ್ವಾರ್ಥವನ್ನು ಎಂಬುದನ್ನು ಅವರು ಸ್ಪಷ್ಟಪಡಿಸಿದರು.

ಈ ದೃಷ್ಟಿಯೇ ಅವರ ಕಲಾವಿಚಾರಕ್ಕೂ ಬೆಳಕು. ರಸಾಸ್ವಾದದಲ್ಲಿ ಸಹೃದಯನು ತನ್ನ ಲಾಭನಷ್ಟಗಳನ್ನು ಮರೆಯುತ್ತಾನೆ. ಆ ಹೊತ್ತಿನ ಮಟ್ಟಿಗೆ ಅವನ ಸ್ಥಿತಿ ಮುಕ್ತನ ಸ್ಥಿತಿಯನ್ನು ಹೋಲುತ್ತದೆ. ಆದರೆ ಆ ನಿಸ್ಸಂಗತ್ವ ಕಲೆಯ ಪ್ರಭಾವದಿಂದ ಒದಗಿದುದು. ಪುಸ್ತಕವನ್ನು ಮುಚ್ಚಿದೊಡನೆ ಹಳೆಯ ಆಸೆ, ಹಳೆಯ ಅಸೂಯೆಗಳು ಮರಳುತ್ತವೆ. ಶೀಲವಾದರೋ ದೀರ್ಘಸಾಧನೆಯಿಂದ, ಜ್ಞಾನದ ಬೆಂಬಲದಿಂದ ಸ್ವಭಾವವೇ ಆಗತಕ್ಕದ್ದು.

1949ರಲ್ಲಿ 'ಎಸೆನ್ಷಿಯಲ್ಸ್ ಆಫ್ ಇಂಡಿಯನ್ ಫಿಲಾಸಫಿ' ಪ್ರಕಟವಾಯಿತು. ಮರುವರ್ಷ ಹಿರಿಯಣ್ಣನವರು ತೀರಿಕೊಂಡರು. ಕಲಾನುಭವವನ್ನು ಕುರಿತ ಲೇಖನಗಳು ಗ್ರಂಥರೂಪದಲ್ಲಿ ಬಂದುದು 1954ರಲ್ಲಿ.

ಕಾವ್ಯವನ್ನು ಅವರು ಕೀಳುಗಳೆಯಲಿಲ್ಲ, ಅದಕ್ಕೆ ಸಲ್ಲದ ಹೊರೆಯನ್ನೂ ಹೊರಿಸಲಿಲ್ಲ. ಸ್ವಾರ್ಥವಳಿದ ಬದುಕಿನ ಸವಿಯನ್ನು ಕಾವ್ಯ ಒಂದು ಗಳಿಗೆ ಉಣಿಸಬಲ್ಲದು. ಆ ಗಳಿಗೆಯನ್ನು ಬಾಳಾಗಿಸುವ ದುಡಿಮೆ ಓದುಗನದು. ಉತ್ತಮ ಅಂಕಗಳನ್ನು ಪಡೆದ ವಿದ್ಯಾರ್ಥಿಗಳಿಗೂ, ಅವರನ್ನು ಸಿದ್ಧಗೊಳಿಸಿದ ನಮಗೂ ಈ ವಿವೇಕ ಅಗತ್ಯ.