ಉಪ್ಪಿನ ಬಯಲಿನ ಸವಾರ ಬರ್ಟ್ ಮನ್ರೋ



ಮನೆಗೆ ಹೊಸ ಮೋಟಾರ್ ಸೈಕಲ್ ಬಂದರೆ ಹುಡುಗರ ಕಣ್ಣು ಮೊದಲು ಬೀಳುವುದು ಅದರ ಸೈಲೆನ್ಸರಿನ ಮೇಲೆ. ಅದನ್ನು ಬಿಚ್ಚಿಸಿ ಗುಡುಗಿನಂತೆ ಸದ್ದು ಮಾಡುವ ಬೇರೊಂದನ್ನು ಹಾಕಿಸಬೇಕು, ಇಂಜಿನ್ನಿನ ಬಲ ಹೆಚ್ಚಿಸಬೇಕು ಎಂದು ತಂದೆತಾಯಿಗಳನ್ನು ಕಾಡುವವರುಂಟು. ನಮ್ಮ ಗೋವೆಯ ರಸ್ತೆಗಳಲ್ಲಿ ಇಂಥ ಸದ್ದು ಹೊಸದಲ್ಲ. ಆದರೆ ಇದು ಖರ್ಚಿಗೆ ತಕ್ಕ ಕೆಲಸವೇ? ಒಂದೇ ಮೋಟಾರ್ ಸೈಕಲನ್ನು ನಲವತ್ತಕ್ಕೂ ಹೆಚ್ಚು ವರ್ಷ ತಿದ್ದಿದ ಸಾಧಕನೊಬ್ಬನ ಜೀವನವನ್ನು ತಿಳಿದರೆ ಉತ್ತರ ತಾನಾಗಿ ಹೊಳೆಯುತ್ತದೆ.

ಬರ್ಟ್ ಮನ್ರೋ 1899ನೆಯ ಇಸವಿ ಮಾರ್ಚ್ 25ರಂದು ನ್ಯೂಜಿಲೆಂಡ್ ದೇಶದ ದಕ್ಷಿಣ ತುದಿಯ ಇನ್ವರ್‌ಕಾರ್ಗಿಲ್ ಎಂಬಲ್ಲಿ ಜನಿಸಿದನು. ಅವನೊಂದಿಗೆ ಹುಟ್ಟಿದ ಅವಳಿ ಸೋದರಿ ಜನಿಸುವಾಗಲೇ ತೀರಿಕೊಂಡಳು. ಈ ಮಗುವೂ ಎರಡು ವರ್ಷ ದಾಟಲಾರದೆಂದು ವೈದ್ಯರು ಹೇಳಿದ್ದರು. ಆದರೆ ಮಗು ಬದುಕಿತು, ಹೊಲಮನೆಯಲ್ಲಿ ಬೆಳೆಯಿತು. ಕುದುರೆಯ ಓಟವನ್ನು ಮೆಚ್ಚಿದ ಹುಡುಗ ಮುಂದೆ ಯಂತ್ರದ ಓಟಕ್ಕೆ ಮನಸೋತನು.

1920ರಲ್ಲಿ ಅವನು ‘ಇಂಡಿಯನ್ ಸ್ಕೌಟ್’ ಎಂಬ ಮೋಟಾರ್ ಸೈಕಲನ್ನು ಕೊಂಡನು. ಹೆಸರು ಇಂಡಿಯನ್ ಆದರೂ ಅದಕ್ಕೂ ನಮ್ಮ ದೇಶಕ್ಕೂ ಸಂಬಂಧವಿಲ್ಲ. ಅದು ಅಮೆರಿಕದ ಕಂಪನಿಯೊಂದರ ತಯಾರಿಕೆ. ಇಂಜಿನ್ 600 ಸಿ.ಸಿ.ಯದು. ಗಂಟೆಗೆ ಸುಮಾರು 88 ಕಿ.ಮೀ. ಅದರ ಗರಿಷ್ಠ ವೇಗ. 1926ರಿಂದ ಮನ್ರೋ ಅದನ್ನು ತಿದ್ದಲು ಕುಳಿತನು.

ಅವನ ಬಳಿ ಹಣವಿರಲಿಲ್ಲ. ಹಗಲು ಮೋಟಾರ್ ಸೈಕಲ್ ಮಾರುವ, ರಿಪೇರಿ ಮಾಡುವ ಕೆಲಸ. ರಾತ್ರಿ ತನ್ನ ಯಂತ್ರದ ಸೇವೆ. ಹಳೆಯ ಡಬ್ಬಿಗಳನ್ನೇ ಅಚ್ಚು ಮಾಡಿ ಲೋಹ ಕರಗಿಸಿ ಪಿಸ್ಟನ್ ಎರೆದನು. ಹಳೆಯ ಟ್ರ್ಯಾಕ್ಟರಿನ ಆಕ್ಸಲನ್ನು ಕಡೆದು ಕನೆಕ್ಟಿಂಗ್ ರಾಡ್ ಮಾಡಿದನು. ಚಕ್ರದ ಕಡ್ಡಿಯಿಂದ ಅಳತೆಯ ಸಲಕರಣೆ ತಯಾರಿಸಿದನು. ಸಿಲಿಂಡರ್, ಫ್ಲೈವ್ಹೀಲ್, ಎಣ್ಣೆ ಹರಿಯುವ ವ್ಯವಸ್ಥೆ ಎಲ್ಲವೂ ಅವನ ಕೈಯವೇ. ಮಾಡಿದ್ದು ಮುರಿಯುತ್ತಿತ್ತು, ಏಕೆ ಮುರಿಯಿತೆಂದು ನೋಡಿ ಮತ್ತೆ ಮಾಡುತ್ತಿದ್ದನು. ಮುರಿದ ಭಾಗಗಳನ್ನು ಎಸೆಯದೆ ವೇಗದ ದೇವರಿಗೆ ಕೊಟ್ಟ ಕಾಣಿಕೆಯೆಂದು ಒಂದು ಕಪಾಟಿನಲ್ಲಿ ಜೋಡಿಸಿಟ್ಟಿದ್ದನು. ಸಂಸಾರ ಮುರಿಯಿತು. 1940ರ ದಶಕದ ಕೊನೆಗೆ ಕೆಲಸವನ್ನೂ ಬಿಟ್ಟು ಗ್ಯಾರೇಜಿನಲ್ಲೇ ವಾಸಿಸತೊಡಗಿದನು. ವೇಗಕ್ಕೆ ಅವನು ತೆತ್ತ ಬೆಲೆ ಸಣ್ಣದಲ್ಲ.

ಅಮೆರಿಕದ ಯೂಟಾ ಪ್ರಾಂತದಲ್ಲಿ ಬಾನ್ವಿಲ್ ಎಂಬ ಉಪ್ಪಿನ ಬಯಲಿದೆ. ನಮ್ಮ ಪೆಡ್ನೆ ತಾಲ್ಲೂಕಿನ ಅಗರವಾಡದಲ್ಲಿ ಉಪ್ಪಿನ ಗದ್ದೆಗಳನ್ನು ಕಂಡವರು ಅಂಥ ಬಿಳುಪನ್ನು ಊಹಿಸಬಲ್ಲರು. ಆದರೆ ಅದು ಬತ್ತಿಹೋದ ಪುರಾತನ ಸರೋವರದ ತಳ, ಮೈಲುಗಟ್ಟಲೆ ಸಪಾಟು ನೆಲ. ಎದುರಿಗೆ ವಾಹನವಿಲ್ಲ, ಅಡ್ಡ ಬರುವ ಮಗುವಿಲ್ಲ, ದನವಿಲ್ಲ. 1962ರಲ್ಲಿ, ತನ್ನ 63ನೆಯ ವಯಸ್ಸಿನಲ್ಲಿ, ಮನ್ರೋ ಅಲ್ಲಿ ಗಂಟೆಗೆ 288 ಕಿ.ಮೀ. ವೇಗದ ದಾಖಲೆ ಮಾಡಿದನು. 1967ರಲ್ಲಿ, 68ನೆಯ ವಯಸ್ಸಿನಲ್ಲಿ, 950 ಸಿ.ಸಿ.ಗೆ ಹಿಗ್ಗಿಸಿದ ಅದೇ ಯಂತ್ರದ ಮೇಲೆ 1000 ಸಿ.ಸಿ. ಒಳಗಿನ ವರ್ಗದ ದಾಖಲೆಯನ್ನು ಪಡೆದನು. ಆಗಿನ ಲೆಕ್ಕದಲ್ಲಿ ಆದ ಒಂದು ಸಣ್ಣ ತಪ್ಪನ್ನು 2014ರಲ್ಲಿ ತಿದ್ದಿ ಗಂಟೆಗೆ 296 ಕಿ.ಮೀ.ಗೂ ತುಸು ಹೆಚ್ಚೆಂದು ನಿರ್ಧರಿಸಲಾಯಿತು. ಮನ್ರೋ 1978ರ ಜನವರಿ 6ರಂದು ನಿಧನನಾದನು. 2005ರಲ್ಲಿ ಅವನ ಜೀವನ ಚಲನಚಿತ್ರವಾಯಿತು.

ಈಗ ನಮ್ಮ ಪ್ರಶ್ನೆಗೆ ಬರೋಣ. ಮನ್ರೋ ಒಂದು ಭಾಗವನ್ನು ಬದಲಿಸಿದಾಗ ಅದಕ್ಕೆ ಹೊಂದುವಂತೆ ಉಳಿದುವನ್ನೂ ಬದಲಿಸಿದನು. ಇಂಜಿನ್ನಿಗೆ ಹೋಗುವ ಗಾಳಿ, ಪೆಟ್ರೋಲಿನ ಪ್ರಮಾಣ, ಹೊಗೆ ಹೊರಬೀಳುವ ಕೊಳವೆಯ ಉದ್ದಗಲ ಇವು ಒಂದಕ್ಕೊಂದು ಹೊಂದಿಕೊಂಡಿರುತ್ತವೆ. ಸೈಲೆನ್ಸರ್ ಒಂದನ್ನೇ ಬದಲಿಸಿದರೆ ಈ ಹೊಂದಿಕೆ ತಪ್ಪುತ್ತದೆ. ಸದ್ದು ಹೆಚ್ಚುತ್ತದೆ, ಬಲ ಹೆಚ್ಚಿದರೂ ಅಲ್ಪ, ಕೆಲವೊಮ್ಮೆ ನಿಧಾನವಾಗಿ ಹೋಗುವಾಗ ಇದ್ದ ಎಳೆತವೂ ಕುಗ್ಗುತ್ತದೆ. ಈಗಿನ ವಾಹನಗಳಲ್ಲಿ ವಿಷಾನಿಲವನ್ನು ತಗ್ಗಿಸುವ ಸಾಧನವೂ ಹೊಗೆಕೊಳವೆಯೊಳಗೇ ಇರುತ್ತದೆ. ಅದನ್ನು ಕಿತ್ತರೆ ಆ ಹೊಗೆಯನ್ನು ಸೇವಿಸುವವರು ನಮ್ಮ ನೆರೆಹೊರೆಯವರೇ. ಸದ್ದಿನಿಂದ ನೋಯುವವರು ಆಸ್ಪತ್ರೆಯ ರೋಗಿಗಳು, ತೊಟ್ಟಿಲ ಕೂಸುಗಳು. ಕಾರ್ಖಾನೆ ಕೊಟ್ಟ ರೂಪವನ್ನು ಮನಬಂದಂತೆ ಬದಲಿಸಲು 1988ರ ಮೋಟಾರು ವಾಹನ ಕಾಯಿದೆಯೂ ಒಪ್ಪುವುದಿಲ್ಲ.

ಹಾಗಾದರೆ ಯಂತ್ರವನ್ನು ತಿದ್ದುವುದೇ ತಪ್ಪೆ? ಅಲ್ಲ. ತಿದ್ದುವುದು ಒಂದು ವಿದ್ಯೆ. ಓಟದ ಸ್ಪರ್ಧೆಗೆಂದೇ ಮೀಸಲಾದ ಯಂತ್ರಕ್ಕೆ, ಮೀಸಲಾದ ನೆಲದಲ್ಲಿ ಅದು ಸಾರ್ಥಕ. ಊರ ರಸ್ತೆಯಲ್ಲಿ ಹೋಗುವ ವಾಹನಕ್ಕೆ ಅದೇ ಹಣದಿಂದ ಒಳ್ಳೆಯ ಟೈರು, ಸರಿಯಾದ ಬ್ರೇಕು, ಕಾಲಕಾಲಕ್ಕೆ ಎಣ್ಣೆ, ತಲೆಗೊಂದು ಗಟ್ಟಿ ಹೆಲ್ಮೆಟ್ ಕೊಳ್ಳುವುದೇ ಲೇಸು. ಮಗನ ಹಟಕ್ಕೆ ಸೋಲುವ ಮುನ್ನ ಪಾಲಕರು ಈ ಲೆಕ್ಕವನ್ನು ಅವನ ಜೊತೆ ಕುಳಿತು ಮಾಡಬೇಕು.

ಕೊಂಡು ತಂದ ಸದ್ದು ಯಾರನ್ನೂ ಸಾಧಕನನ್ನಾಗಿ ಮಾಡದು. ಯಂತ್ರದಲ್ಲಿ ಆಸಕ್ತಿಯುಳ್ಳ ಮಕ್ಕಳು ವಿಜ್ಞಾನ, ಗಣಿತಗಳನ್ನು ಶ್ರದ್ಧೆಯಿಂದ ಕಲಿಯಲಿ, ಮುಂದೆ ಐ.ಟಿ.ಐ., ಪಾಲಿಟೆಕ್ನಿಕ್ ಸೇರಿ ಕೈಗೆ ಕೆಲಸ ಕಲಿಸಲಿ. ಬರ್ಟ್ ಮನ್ರೋನಿಂದ ನಾವು ಪಡೆಯಬೇಕಾದುದು ಅವನ ವೇಗವನ್ನಲ್ಲ, ಅವನ ತಾಳ್ಮೆಯನ್ನು.