ಶ್ರೀಮತಿ ಸಾವಿತ್ರಿಬಾಯಿ ಫುಲೆ (1831–1897): ಗರ್ಭಿಣಿ ವಿಧವೆಯರಿಗೆ ಆಶ್ರಯವಿತ್ತ ಮನೆ

ಸುರಕ್ಷಿತ ಹೆರಿಗೆ, ಗರ್ಭಪಾತ ಹಾಗೂ ತಾಯಿ-ಮಗುವಿನ ಆರೈಕೆಗೆ ಸಂಬಂಧಿಸಿದ ಸೇವೆಗಳನ್ನು ಕೋರಿ ಈ ಪುಟಕ್ಕೆ ಭೇಟಿ ನೀಡುವ ನಾಗರಿಕರ ಮಾಹಿತಿಗಾಗಿ, ಒಂದೂವರೆ ಶತಮಾನಕ್ಕೂ ಹಿಂದೆ ಗರ್ಭಿಣಿಯರಿಗೆ ಗೋಪ್ಯತೆಯ ಭರವಸೆಯಿತ್ತು ಆಶ್ರಯ ನೀಡಿದ ಶ್ರೀಮತಿ ಸಾವಿತ್ರಿಬಾಯಿ ಫುಲೆಯವರ ಜೀವನ ಪರಿಚಯವನ್ನು ಇಲ್ಲಿ ನೀಡಲಾಗಿದೆ. ಹೆಣ್ಣುಮಕ್ಕಳಿಗಾಗಿ ಶಾಲೆ ತೆರೆದ ಶಿಕ್ಷಕಿಯೆಂದು ಅವರು ಎಲ್ಲರಿಗೂ ಪರಿಚಿತರು. ಅವರ ಮನೆಯ ಆವರಣದಲ್ಲಿ ನಡೆದ ಹೆರಿಗೆಗಳ ವಿಷಯ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ.

ಸಾವಿತ್ರಿಬಾಯಿಯವರು 1831ರ ಜನವರಿ 3ರಂದು ಇಂದಿನ ಮಹಾರಾಷ್ಟ್ರದ ಸಾತಾರಾ ಜಿಲ್ಲೆಯ ನಾಯಗಾಂವ್ ಗ್ರಾಮದಲ್ಲಿ, ಮಾಳಿ ಸಮುದಾಯದ ಕುಟುಂಬವೊಂದರಲ್ಲಿ ಜನಿಸಿದರು. 1840ರಲ್ಲಿ, ಒಂಬತ್ತರ ವಯಸ್ಸಿನಲ್ಲಿ, ಪುಣೆಯ ಹದಿಮೂರು ವರ್ಷದ ಜ್ಯೋತಿರಾವ್ ಫುಲೆಯವರೊಡನೆ ಅವರ ವಿವಾಹ ನೆರವೇರಿತು. ಮದುವೆಯಾದಾಗ ಅವರಿಗೆ ಅಕ್ಷರಜ್ಞಾನವಿರಲಿಲ್ಲ. ಪತಿಯೇ ಮೊದಲ ಗುರುವಾದರು. ಬಳಿಕ ಅಹಮದ್‌ನಗರ ಹಾಗೂ ಪುಣೆಗಳಲ್ಲಿ ಶಿಕ್ಷಕಿಯ ತರಬೇತಿ ಪಡೆದ ಅವರು, 1848ರಲ್ಲಿ ಪುಣೆಯ ಭಿಡೆ ವಾಡೆಯಲ್ಲಿ ಪತಿಯೊಡನೆ ಹೆಣ್ಣುಮಕ್ಕಳ ಶಾಲೆಯನ್ನು ಆರಂಭಿಸಿದರು. ಶಾಲೆಗೆ ನಡೆದು ಹೋಗುವಾಗ ಅವರ ಮೇಲೆ ಸಗಣಿ, ಕೆಸರು ಎರಚಲಾಗುತ್ತಿದ್ದುದೂ, ಬದಲಾಯಿಸಲೆಂದು ಅವರು ಇನ್ನೊಂದು ಸೀರೆಯನ್ನು ಜೊತೆಯಲ್ಲಿ ಒಯ್ಯುತ್ತಿದ್ದುದೂ ಪಠ್ಯಪುಸ್ತಕಗಳ ಮೂಲಕ ಮನೆಮಾತಾಗಿರುವ ಸಂಗತಿಗಳು.

ಅಂದಿನ ಪುಣೆಯ ಮೇಲ್ಜಾತಿಗಳಲ್ಲಿ ಹೆಣ್ಣುಮಕ್ಕಳಿಗೆ ಬಾಲ್ಯದಲ್ಲಿಯೇ ವಿವಾಹ ಮಾಡಲಾಗುತ್ತಿತ್ತು. ಗಂಡ ಸತ್ತರೆ ಆ ಬಾಲೆ ತಲೆ ಬೋಳಿಸಿಕೊಂಡು, ಒಪ್ಪೊತ್ತಿನ ಊಟ ಮಾಡುತ್ತ, ಜೀವನಪೂರ್ತಿ ಮನೆಯ ಮೂಲೆಯಲ್ಲಿ ಉಳಿಯಬೇಕಾಗುತ್ತಿತ್ತು. 1856ರಲ್ಲಿ ವಿಧವಾ ಪುನರ್ವಿವಾಹ ಕಾಯ್ದೆ ಜಾರಿಗೆ ಬಂದರೂ ಅದರ ಪ್ರಯೋಜನ ಪಡೆದವರು ವಿರಳ. ಇಂತಹ ತರುಣಿಯರು ಮನೆಯ ಗಂಡಸರಿಂದಲೋ ನೆರೆಹೊರೆಯವರಿಂದಲೋ ವಂಚನೆಗೆ ಅಥವಾ ಬಲಾತ್ಕಾರಕ್ಕೆ ಒಳಗಾಗಿ ಗರ್ಭವತಿಯರಾದಾಗ ಅವರ ಮುಂದೆ ಇದ್ದ ದಾರಿಗಳು ಮೂರು: ಗುಟ್ಟಾಗಿ ಔಷಧಿ ಕುಡಿಯುವುದು, ಹೆತ್ತ ಕೂಸನ್ನು ಕೊಲ್ಲುವುದು, ಇಲ್ಲವೇ ಬಾವಿಗೆ ಹಾರುವುದು. 1862ರಲ್ಲಿ ಜಾರಿಗೆ ಬಂದ ಭಾರತೀಯ ದಂಡ ಸಂಹಿತೆಯು ಗರ್ಭಪಾತ ಮಾಡಿಸಿದವರೊಡನೆ ಮಾಡಿಸಿಕೊಂಡ ಸ್ತ್ರೀಯನ್ನೂ ಅಪರಾಧಿಯೆಂದೇ ಪರಿಗಣಿಸಿತ್ತು. ಗರ್ಭಕ್ಕೆ ಕಾರಣನಾದ ಪುರುಷನ ಹೆಸರು ಸಾಮಾನ್ಯವಾಗಿ ಎಲ್ಲಿಯೂ ಬರುತ್ತಿರಲಿಲ್ಲ.

1863ರಲ್ಲಿ ಫುಲೆ ದಂಪತಿಗಳ ಮಿತ್ರರಾದ ಸದಾಶಿವರಾವ್ ಗೋವಂಡೆಯವರ ಮನೆಯಲ್ಲಿ ಇಂತಹ ಒಂದು ಪ್ರಕರಣ ನಡೆಯಿತು. ಆ ಮನೆಯಲ್ಲಿ ಅಡುಗೆ ಕೆಲಸಕ್ಕಿದ್ದ ಕಾಶೀಬಾಯಿ ಎಂಬ ಬ್ರಾಹ್ಮಣ ವಿಧವೆಯು ಅದೇ ನಗರದ ಶಾಸ್ತ್ರಿಯೊಬ್ಬನ ಮೋಸಕ್ಕೆ ಸಿಲುಕಿ ಗರ್ಭಿಣಿಯಾದರು. ಗರ್ಭಪಾತಕ್ಕಾಗಿ ತೆಗೆದುಕೊಂಡ ಔಷಧಿಗಳು ಫಲಿಸಲಿಲ್ಲ. ಗಂಡು ಮಗು ಜನಿಸಿತು. ಲೋಕಾಪವಾದಕ್ಕೆ ಅಂಜಿದ ಆಕೆ ಕೂಸನ್ನು ಕೊಂದು ಹಿತ್ತಲಿನ ಬಾವಿಗೆ ಹಾಕಿದರು. ಎರಡು ದಿನಗಳ ನಂತರ ವಿಷಯ ಬಯಲಾಗಿ, ವಿಚಾರಣೆ ನಡೆದು, ಆಕೆಗೆ ಅಂಡಮಾನಿನಲ್ಲಿ ಜೀವಾವಧಿ ಕರಿನೀರಿನ ಶಿಕ್ಷೆ ವಿಧಿಸಲಾಯಿತು.

ಈ ಘಟನೆಯ ಬೆನ್ನಲ್ಲಿಯೇ ಫುಲೆ ದಂಪತಿಗಳು ತಮ್ಮ ಮನೆಯ ಆವರಣದಲ್ಲಿ ಬಾಲಹತ್ಯಾ ಪ್ರತಿಬಂಧಕ ಗೃಹವನ್ನು ತೆರೆದರು. ಹೆಸರಿನಲ್ಲಿ ಶಿಶುಹತ್ಯೆಯ ತಡೆಯೆಂದಿದ್ದರೂ ಅದು ಮುಖ್ಯವಾಗಿ ಒಂದು ಹೆರಿಗೆಮನೆಯಾಗಿತ್ತು. ಬ್ರಾಹ್ಮಣರು ವಾಸಿಸುತ್ತಿದ್ದ ಬೀದಿಗಳ ಮೂಲೆಗೋಡೆಗಳಿಗೆ ಮುದ್ರಿತ ಪ್ರಕಟಣೆಗಳನ್ನು ಅಂಟಿಸಲಾಯಿತು. ಗರ್ಭಿಣಿಯಾದ ವಿಧವೆಯು ಇಲ್ಲಿಗೆ ಬಂದು ಗುಟ್ಟಾಗಿ, ನಿರ್ಭಯವಾಗಿ ಹೆರಬಹುದು, ಮಗುವನ್ನು ಕರೆದೊಯ್ಯುವುದೂ ಇಲ್ಲಿಯೇ ಬಿಟ್ಟುಹೋಗುವುದೂ ಆಕೆಯ ಇಚ್ಛೆಗೆ ಸೇರಿದ್ದು ಎಂಬುದು ಅದರ ತಿರುಳು. ಬಾಣಂತಿಯರ ಹಾಗೂ ಹಸುಳೆಗಳ ಆರೈಕೆಯ ಹೊಣೆಯನ್ನು ಸಾವಿತ್ರಿಬಾಯಿಯವರು ವಹಿಸಿಕೊಂಡರು. ತಮ್ಮನ್ನು ಮುಟ್ಟಬಾರದವರಂತೆ ಕಾಣುತ್ತಿದ್ದ, ದಾರಿಯಲ್ಲಿ ಸಗಣಿ ಎರಚುತ್ತಿದ್ದ ಮನೆತನಗಳ ಹೆಣ್ಣುಮಕ್ಕಳ ಬಾಣಂತನವನ್ನು ಅವರು ಮಾಡಿದರೆಂಬುದನ್ನು ಇಲ್ಲಿ ಗಮನಿಸಬೇಕು.

1868ರ ಆಗಸ್ಟ್‌ನಲ್ಲಿ ತವರೂರಾದ ನಾಯಗಾಂವ್‌ನಿಂದ ಪತಿಗೆ ಬರೆದ ಪತ್ರವೊಂದರಲ್ಲಿ ಸಾವಿತ್ರಿಬಾಯಿಯವರು ಮತ್ತೊಂದು ಪ್ರಸಂಗವನ್ನು ವಿವರಿಸಿದ್ದಾರೆ. ಊರೂರು ತಿರುಗಿ ಪಂಚಾಂಗ ಹೇಳುತ್ತಿದ್ದ ಗಣೇಶನೆಂಬ ಬ್ರಾಹ್ಮಣ ಯುವಕನಿಗೂ, ಅಸ್ಪೃಶ್ಯರೆಂದು ದೂರವಿಡಲ್ಪಟ್ಟಿದ್ದ ಸಮುದಾಯದ ಶಾರ್ಜಾ ಎಂಬ ತರುಣಿಗೂ ಪ್ರೇಮವುಂಟಾಗಿ, ಆಕೆ ಆರು ತಿಂಗಳ ಗರ್ಭಿಣಿಯಾಗಿದ್ದರು. ಸುದ್ದಿ ತಿಳಿದ ಗ್ರಾಮಸ್ಥರು ಇಬ್ಬರನ್ನೂ ಬೀದಿಯಲ್ಲಿ ಹೊಡೆಯುತ್ತ ಮೆರವಣಿಗೆ ಮಾಡಿ ಕೊಲ್ಲಲು ಮುಂದಾದರು. ಸಾವಿತ್ರಿಬಾಯಿಯವರು ಅಲ್ಲಿಗೆ ಧಾವಿಸಿ, ಕೊಲೆ ಮಾಡಿದವರಿಗೆ ಬ್ರಿಟಿಷ್ ಕಾನೂನಿನಡಿ ಆಗುವ ಶಿಕ್ಷೆಯ ಅರಿವು ಮೂಡಿಸಿ ಗುಂಪನ್ನು ತಡೆದರು. ಇಬ್ಬರೂ ಊರು ಬಿಡಬೇಕೆಂಬ ತೀರ್ಮಾನಕ್ಕೆ ಒಪ್ಪಿ, ಅವರನ್ನು ಪುಣೆಗೆ ಪತಿಯ ಬಳಿಗೆ ಕಳುಹಿಸಿಕೊಟ್ಟರು.

ಫುಲೆ ದಂಪತಿಗಳಿಗೆ ಮಕ್ಕಳಿರಲಿಲ್ಲ. 1874ರಲ್ಲಿ ಗೃಹಕ್ಕೆ ಬಂದು ಹೆತ್ತ ಬ್ರಾಹ್ಮಣ ವಿಧವೆಯೊಬ್ಬರ (ಇವರ ಹೆಸರೂ ಕಾಶೀಬಾಯಿಯೇ) ಗಂಡು ಮಗುವನ್ನು ಅವರು ದತ್ತು ಸ್ವೀಕರಿಸಿ ಯಶವಂತನೆಂದು ಹೆಸರಿಟ್ಟರು. ಆತ ಮುಂದೆ ವೈದ್ಯಕೀಯ ಶಿಕ್ಷಣ ಪಡೆದು ವೈದ್ಯರಾದರು.

ಗೃಹದಲ್ಲಿ ನಡೆದ ಹೆರಿಗೆಗಳ ಲೆಕ್ಕವು ಜ್ಯೋತಿರಾವ್ ಅವರು 1884ರ ಡಿಸೆಂಬರ್‌ನಲ್ಲಿ ಸರ್ಕಾರಕ್ಕೆ ಬರೆದ ಪತ್ರದಲ್ಲಿ ಲಭ್ಯವಿದೆ. ಬಾಲ್ಯವಿವಾಹ ಹಾಗೂ ಬಲವಂತದ ವೈಧವ್ಯದ ಬಗ್ಗೆ ಬೆಹ್ರಾಮ್‌ಜಿ ಮಲಬಾರಿಯವರು ಸಿದ್ಧಪಡಿಸಿದ್ದ ಟಿಪ್ಪಣಿಗಳ ಮೇಲೆ ಸರ್ಕಾರವು ಅಭಿಪ್ರಾಯ ಕೇಳಿದ್ದ ಸಂದರ್ಭ ಅದು. ಪತ್ರದ ಪ್ರಕಾರ ಅಲ್ಲಿಯವರೆಗೆ 35 ಗರ್ಭಿಣಿ ವಿಧವೆಯರು ಬಂದು ಹೆತ್ತಿದ್ದರು. ಆ ಮಕ್ಕಳಲ್ಲಿ ಬದುಕಿದ್ದವು 5 ಮಾತ್ರ. ಉಳಿದ 30 ಮಕ್ಕಳ ಸಾವಿಗೆ, ಗರ್ಭವನ್ನು ಮರೆಮಾಚಲು ತಾಯಂದಿರು ಮೊದಲೇ ಸೇವಿಸಿದ್ದಿರಬಹುದಾದ ವಿಷಕಾರಿ ಔಷಧಿಗಳನ್ನು ಜ್ಯೋತಿರಾವ್ ಕಾರಣವಾಗಿ ನೀಡಿದ್ದಾರೆ. ಈ ಸಂಖ್ಯೆಯನ್ನು ಗೃಹದ ವೈಫಲ್ಯವೆಂದು ಓದುವುದು ತಪ್ಪಾಗುತ್ತದೆ. ಆ ಸ್ತ್ರೀಯರು ಗೃಹದ ಬಾಗಿಲು ತಟ್ಟಿದ್ದು ಕೊನೆಯ ಉಪಾಯವಾಗಿ. ಅದಕ್ಕೂ ಮುನ್ನ ತಿಂಗಳುಗಟ್ಟಲೆ ಭಯದಲ್ಲಿ, ಯಾರಿಗೂ ಹೇಳಲಾಗದೆ, ಕೈಗೆ ಸಿಕ್ಕಿದ್ದನ್ನು ಕುಡಿದಿದ್ದರು. ಸುರಕ್ಷಿತವಾದ ದಾರಿ ತೆರೆದಿರುವುದಷ್ಟೇ ಸಾಲದು, ಅದು ಸಕಾಲದಲ್ಲಿ ತಿಳಿದಿರಬೇಕು ಎಂಬುದಕ್ಕೆ ಈ ಲೆಕ್ಕಕ್ಕಿಂತ ಸ್ಪಷ್ಟವಾದ ದಾಖಲೆ ಆ ಕಾಲದಲ್ಲಿ ಸಿಗುವುದು ಕಷ್ಟ.

ನಾಗರಿಕರ ಗಮನಕ್ಕೆ: ವೈದ್ಯಕೀಯ ಗರ್ಭಪಾತ ಕಾಯ್ದೆ, 1971 ಹಾಗೂ ಅದರ 2021ರ ತಿದ್ದುಪಡಿಯಂತೆ, ಕಾಯ್ದೆಯಲ್ಲಿ ಹೇಳಿರುವ ಕಾರಣಗಳಿದ್ದಲ್ಲಿ 20 ವಾರಗಳವರೆಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯದ ಮೇರೆಗೆ, 20ರಿಂದ 24 ವಾರಗಳವರೆಗೆ ನಿಗದಿತ ವರ್ಗದ ಮಹಿಳೆಯರಿಗೆ ಇಬ್ಬರು ವೈದ್ಯರ ಅಭಿಪ್ರಾಯದ ಮೇರೆಗೆ ಗರ್ಭಪಾತಕ್ಕೆ ಅವಕಾಶವಿದೆ. ಗರ್ಭಾವಸ್ಥೆಯಲ್ಲಿ ವಿಧವೆಯಾದವರೂ, ಅತ್ಯಾಚಾರಕ್ಕೊಳಗಾದವರೂ ಈ ವರ್ಗದಲ್ಲಿ ಸೇರಿದ್ದಾರೆ. 18 ವರ್ಷ ತುಂಬಿದ ಮಹಿಳೆಗೆ ತನ್ನ ಒಪ್ಪಿಗೆಯೊಂದೇ ಸಾಕು, ಪತಿಯ ಅಥವಾ ಮನೆಯವರ ಸಹಿ ಅಗತ್ಯವಿಲ್ಲ. ಕಾನೂನಿನಲ್ಲಿ ಅಧಿಕಾರ ಪಡೆದವರ ಹೊರತು ಇತರರಿಗೆ ಆಕೆಯ ವಿವರಗಳನ್ನು ತಿಳಿಸುವುದು ಶಿಕ್ಷಾರ್ಹ. ಹೆತ್ತ ಮಗುವನ್ನು ಸಾಕಲಾಗದ ಪರಿಸ್ಥಿತಿಯಲ್ಲಿರುವವರು ಬಾಲ ನ್ಯಾಯ ಕಾಯ್ದೆ, 2015ರಂತೆ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಮಗುವನ್ನು ಒಪ್ಪಿಸಬಹುದು. ಮರುಚಿಂತನೆಗೆ ಎರಡು ತಿಂಗಳ ಕಾಲಾವಕಾಶವಿರುತ್ತದೆ.

ಯಶವಂತರ ಜನ್ಮದ ಹಿನ್ನೆಲೆಯನ್ನು ಸಮಾಜವು ಮರೆಯಲಿಲ್ಲ. 1890ರ ನವೆಂಬರ್ 28ರಂದು ಜ್ಯೋತಿರಾವ್ ನಿಧನರಾದಾಗ, ಅಂತ್ಯಕ್ರಿಯೆಯಲ್ಲಿ ಮಡಕೆ ಹಿಡಿದು ಮುಂದೆ ನಡೆಯಲು ದತ್ತುಪುತ್ರನಿಗೆ ಹಕ್ಕಿಲ್ಲವೆಂದು ಬಂಧುಗಳು ತಕರಾರು ತೆಗೆದರು. ಆಗ ಸಾವಿತ್ರಿಬಾಯಿಯವರೇ ಮಡಕೆ ಹಿಡಿದು ಮುಂದೆ ನಡೆದು ಚಿತೆಗೆ ಅಗ್ನಿಸ್ಪರ್ಶ ಮಾಡಿದರು. ವಿಧವೆಯ ನೆರಳೂ ಅಶುಭವೆಂದು ನಂಬಿದ್ದ ಕಾಲದಲ್ಲಿ ಇದು ನಡೆಯಿತು. ತದನಂತರ ಸತ್ಯಶೋಧಕ ಸಮಾಜದ ಕಾರ್ಯವನ್ನು ಅವರು ಮುಂದುವರಿಸಿದರು. 1893ರಲ್ಲಿ ಸಾಸವಡದಲ್ಲಿ ಜರುಗಿದ ಅದರ ವಾರ್ಷಿಕ ಅಧಿವೇಶನದ ಅಧ್ಯಕ್ಷತೆಯನ್ನೂ ವಹಿಸಿದ್ದರು.

1897ರಲ್ಲಿ ಪುಣೆಯನ್ನು ಪ್ಲೇಗ್ ಆವರಿಸಿತು. ಡಾ. ಯಶವಂತರು ಹಡಪ್ಸರ್ ಬಳಿ, ಊರ ಹೊರಗಿನ ಬಯಲಿನಲ್ಲಿ ಚಿಕಿತ್ಸಾಲಯವನ್ನು ನಡೆಸಿದರು. ಅರವತ್ತಾರರ ಹರೆಯದ ಸಾವಿತ್ರಿಬಾಯಿಯವರು ರೋಗಿಗಳನ್ನು ಹುಡುಕಿ ಅಲ್ಲಿಗೆ ಕರೆತರುತ್ತಿದ್ದರು. ಮುಂಢವಾ ಗ್ರಾಮದ ಕಾಯಿಲೆ ಬಿದ್ದ ಬಾಲಕನೊಬ್ಬನನ್ನು ಬೆನ್ನ ಮೇಲೆ ಹೊತ್ತು ತಂದ ನಂತರ ಅವರಿಗೂ ಸೋಂಕು ತಗುಲಿ, 1897ರ ಮಾರ್ಚ್ 10ರಂದು ನಿಧನ ಹೊಂದಿದರು. 1998ರಲ್ಲಿ ಭಾರತ ಸರ್ಕಾರವು ಅವರ ಸ್ಮರಣಾರ್ಥ ಅಂಚೆ ಚೀಟಿಯನ್ನು ಹೊರತಂದಿತು. 2014ರಲ್ಲಿ ಪುಣೆ ವಿಶ್ವವಿದ್ಯಾಲಯಕ್ಕೆ ಅವರ ಹೆಸರನ್ನಿಡಲಾಯಿತು.